ರಜೆ ಯಾರ ಹೆಗಲಿಗೆ

ವಿಜಯಶ್ರೀ ಬಚ್ಚಲುಮನೆಗೆ ಹೋಗಿ ಬಹಳ ಹೊತ್ತಾಗಿತ್ತು. ನಲ್ಲಿಯಿಂದ ನೀರು ಸುರಿಯುವ ಸದ್ದೊಂದು ಬಿಟ್ಟರೆ ಒಳಗಿನಿಂದ ಬೇರೇನೂ ಕೇಳುತ್ತಿರಲಿಲ್ಲ. ವಿಠಲ ದೋಸೆ ಹೊಯ್ದು ತಟ್ಟೆಗೆ ಹಾಕಿ, ಅದು ತಣ್ಣಗಾಗುವುದನ್ನೇ ನೋಡುತ್ತ ನಿಂತಿದ್ದ.

"ಏನ್ ಮಾಡಾಕತ್ತಿ ಒಳಗ? ದೋಸಿ ಆರಾಕತ್ತಾವು!"

ನಲ್ಲಿ ನಿಂತಿತು, ಬಾಗಿಲು ತೆರೆಯಿತು. ಅವಳ ಮೈಗೆ ಒಂದು ಹನಿ ನೀರೂ ತಾಗಿರಲಿಲ್ಲ.

"ಜಳಕ?"

"ಆಮ್ಯಾಲೆ ಮಾಡ್ತೀನಿ. ಸುಮ್ನ ನಿಂತಿದ್ದೆ."

ವಿಠಲ ಗದಗದ ಕಡೆಯವನು. ಕೊಚ್ಚಿಯ ಪಾಲಾರಿವಟ್ಟಂನ ಬ್ಯಾಂಕೊಂದರಲ್ಲಿ ಅಧಿಕಾರಿ. ಹೆಂಡತಿ ವಿಜಯಶ್ರೀ ತಿರುವನಂತಪುರದ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆಯ ಪಿ.ಜಿ. ಮಾಡುತ್ತಿದ್ದಳು. ಆಪರೇಷನ್ನಿಗೆ ಬಂದವರಿಗೆ ಮತ್ತಿನ ಮದ್ದು ಕೊಟ್ಟು ಮಲಗಿಸುವುದು, ಕೊಯ್ಯುವವರು ಕೊಯ್ದು ಮುಗಿಸುವ ತನಕ ಅವರ ಉಸಿರು ಕಾಯುವುದು ಅವಳ ಕೆಲಸ. ಬಿಡುವು ಸಿಕ್ಕಾಗ ರೈಲು ಹತ್ತಿ ಕೊಚ್ಚಿಗೆ ಬರುತ್ತಿದ್ದಳು. ಬಂದರೂ ಬಂದಂತಿರುತ್ತಿರಲಿಲ್ಲ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಒಂದು ಕೈಯಲ್ಲಿ ಹಿಡಿದರೆ ಚಹಾ ತುಳುಕುತ್ತಿತ್ತು.

ವಿಠಲ ತನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದ್ದ. ಪ್ರಾಣಾಯಾಮದ ವಿಡಿಯೋ ಕಳಿಸಿದ, ಅಶ್ವಗಂಧದ ಪುಡಿ ತಂದಿಟ್ಟ, ಬೆಳಿಗ್ಗೆ ಎದ್ದು ನಡಿ ಎಂದ. ಎಲ್ಲದಕ್ಕೂ ಅವಳು ಹೂಂ ಎನ್ನುತ್ತಿದ್ದಳು.

"ನಾಕ್ ದಿನ ರಜಾ ಕೇಳು."

"ಅಲ್ಲಿ ಹಂಗ ಯಾರೂ ಕೇಳೂದಿಲ್ರೀ."

"ಯಾಕ, ಬಾಯಿ ಇಲ್ಲೇನು? ಊರ ಮಂದೀನ ಮಲಗಸ್ತಿ, ನಿನಗ ನಿದ್ದಿ ಇಲ್ಲ. ಏನ್ ಡಾಕ್ಟರಕಿ ಇದು!"

"ನಿಮ್ ಜೋಡಿ ಜಗಳಾಡಾಕೂ ನನ್ ಕಡೆ ಶಕ್ತಿ ಇಲ್ಲ. ಸುಮ್ನಿರ್ರಿ."

ಅವನಿಗೆ ರೇಗಿತು. ಇನ್ನೂ ನಾಲ್ಕು ಮಾತು ಬಿಡಬೇಕು ಎಂದು ತಿರುಗಿ ನೋಡಿದರೆ, ಅವಳು ದೋಸೆಯ ತುಂಡು ಹಿಡಿದ ಕೈಯನ್ನು ಬಾಯಿಗೊಯ್ಯಲು ಮರೆತು ಗೋಡೆ ನೋಡುತ್ತ ಕೂತಿದ್ದಳು. ಸಿಟ್ಟು ಹೋಗಿ ಹೆದರಿಕೆ ಹುಟ್ಟಿತು. ಇವಳು ಇನ್ನೆಷ್ಟು ದಿನ ತಾಳಿಯಾಳು ಎಂಬ ಹೆದರಿಕೆ.

ಅವಳ ವಿಭಾಗದ ಮುಖ್ಯಸ್ಥ ಡಾಕ್ಟರ್ ಶ್ರೀಪತಿ ಕಾಸರಗೋಡಿನ ಕನ್ನಡಿಗರು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ವಿಠಲನಿಗೆ ಅವರ ಪರಿಚಯವಾಗಿತ್ತು. ಪರ ಊರಿನಲ್ಲಿ ಒಂದು ಕನ್ನಡದ ಮಾತು ಕಿವಿಗೆ ಬಿದ್ದರೆ ಸಾಕು, ಇವರು ನಮ್ಮವರು, ನಮ್ಮ ಕೆಲಸ ಮಾಡಿಕೊಡುತ್ತಾರೆ ಎಂದು ನಂಬಿಬಿಡುವ ಜನ ನಾವು. ವಿಠಲ ಹೆಂಡತಿಗೆ ಹೇಳದೆ, ಧಾರವಾಡ ಪೇಡೆಯ ದೊಡ್ಡ ಡಬ್ಬಿ ಹಿಡಿದು ತಿರುವನಂತಪುರದಲ್ಲಿದ್ದ ಅವರ ಮನೆಗೆ ಹೋದ.

"ಸರ್, ಆಕಿಗೆ ನಾಕ್ ದಿನ ರಜಾ ಕೊಡ್ರಿ. ನಮ್ಮವರು ಅಂತ ಕೇಳಾಕ ಬಂದೀನಿ."

"ಎಲ್ಲಿಂದ ಕೊಡಲಿ ಮಾರಾಯ್ರೆ? ಇರುವ ಜನವೇ ಸಾಲುವುದಿಲ್ಲ. ಮೇಲಿನವರಿಗೆ ಬರೆದು ಬರೆದು ನನಗೆ ಸಾಕಾಗಿ ಹೋಗಿದೆ. ಒಂದು ಆಪರೇಷನ್ ಟೇಬಲ್ ನಿಂತರೆ ಉಪವಾಸ ಕೂತ ರೋಗಿಗೆ ಉತ್ತರ ಕೊಡುವುದು ಯಾರು, ನೀವಾ?"

"ನಾಳೆ ಆಕಿಗೆ ಏನರ ಆದ್ರ ಯಾರ್ ಕೊಡ್ತಾರ್ರಿ ಉತ್ತರ?"

ಶ್ರೀಪತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾವೆಲ್ಲ ಕಲಿತದ್ದು ಹೀಗೆಯೇ. ನಿಂತಲ್ಲೇ ನಿದ್ದೆ ಮಾಡಿದವರು ನಾವು. ಈಗಿನ ಮಕ್ಕಳಿಗೆ ಗಟ್ಟಿತನ ಸ್ವಲ್ಪ ಕಡಿಮೆ. ಶನಿವಾರ ಒತ್ತಡ ನಿಭಾಯಿಸುವ ಕ್ಲಾಸ್ ಇಟ್ಟಿದ್ದೇವೆ. ಡ್ಯೂಟಿ ಮುಗಿಸಿಕೊಂಡು ತಪ್ಪದೆ ಬರಲಿಕ್ಕೆ ಹೇಳಿ."

"ಡ್ಯೂಟಿ ಮುಗಿಸಿದವ್ರನ್ನ ಮಲಗಾಕ ಬಿಡ್ರಿ ಸರ್. ಅದಕ್ಕಿಂತ ದೊಡ್ಡ ಕ್ಲಾಸ್ ಯಾವುದೈತಿ?"

ಅವರು ನಕ್ಕರು. "ಬಾಯಿ ಜೋರು ಇದೆ ನಿಮ್ಮದು." ಪೇಡೆಯ ಡಬ್ಬಿಯನ್ನು ಆಚೆ ಸರಿಸಿದರು. "ಆಯ್ತು. ಹೇಗಾದರೂ ಹೊಂದಿಸುವ."

ಹೇಗೆ ಹೊಂದಿಸುತ್ತೀರಿ ಎಂದು ವಿಠಲ ಕೇಳಲಿಲ್ಲ. ಗೆದ್ದವನ ಹಾಗೆ ರೈಲು ಹತ್ತಿ ಬಂದ.

ರಜೆ ಹೇಗೆ ಸಿಕ್ಕಿತೆಂದು ವಿಜಯಶ್ರೀ ಒಮ್ಮೆ ಕೇಳಿದಳು. "ಕೊಟ್ಟಾರ, ತಗೋ" ಎಂದ. ಕೆದಕಿ ಕೇಳುವ ತ್ರಾಣ ಅವಳಲ್ಲಿರಲಿಲ್ಲ. ಮೊದಲ ದಿನವೆಲ್ಲ ಮಲಗಿದಳು. ಮರುದಿನ ಹಸಿವು ಎಂದಳು. ಆಮೇಲೆ ಅವನು ಅವಳನ್ನು ಫೋರ್ಟ್ ಕೊಚ್ಚಿಗೆ ಕರೆದೊಯ್ದ. ಕಡಲ ದಂಡೆಯಲ್ಲಿ ದೊಡ್ಡ ಬಲೆಗಳನ್ನು ಎತ್ತುತ್ತಿದ್ದರು. ಒಂದು ಬೆಕ್ಕು ಬುಟ್ಟಿಯಿಂದ ಮೀನು ಎಗರಿಸಿ ಓಡಿತು, ಬಲೆಯವನು ಚಪ್ಪಲಿ ಎಸೆದ, ಚಪ್ಪಲಿ ನೀರಿಗೆ ಬಿತ್ತು. ವಿಜಯಶ್ರೀ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ!

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಕೇಳುತ್ತ ಕೇಳುತ್ತ ಅವಳ ಮುಖ ಕಪ್ಪಿಟ್ಟಿತು.

"ಜಾಯ್ಸ್ ಬಿದ್ದಾಳ."

ಜಾಯ್ಸ್ ಅವಳ ಜೊತೆಯಲ್ಲೇ ಓದುವವಳು, ಹಾಸ್ಟೆಲಿನಲ್ಲಿ ಒಂದೇ ಕೋಣೆಯವಳು. ತನ್ನ ಡ್ಯೂಟಿ ಮುಗಿಸಿ, ಅದರ ಮೇಲೆ ವಿಜಯಶ್ರೀಯ ಡ್ಯೂಟಿಯನ್ನೂ ಮುಗಿಸಿ ಸ್ಕೂಟರಿನಲ್ಲಿ ಹೊರಟಿದ್ದಳು. ದಾರಿಯಲ್ಲಿ ಕಣ್ಣು ಮುಚ್ಚಿಹೋಗಿ, ಸ್ಕೂಟರು ರಸ್ತೆ ನಡುವಿನ ಡಿವೈಡರಿಗೆ ಹೊಡೆದಿತ್ತು. ಹೆಗಲಿನ ಮೂಳೆ ಮುರಿದಿತ್ತು.

"ನೀವು ಸರ್ ಮನಿಗೆ ಹೋಗಿದ್ರಂತ."

"ಆಕಿ ಮ್ಯಾಗ ಹಾಕ್ತಾರಂತ ನನಗೇನ್ ಗೊತ್ತು?"

"ಮತ್ಯಾರ್ ಮ್ಯಾಗ ಹಾಕ್ತಾರ? ಒಬ್ಬಾಕಿ ಮಲಗಿದ್ರ ಇನ್ನೊಬ್ಬಾಕಿ ಎದ್ದಿರಬೇಕು. ಅದಕ್ಕ ನಾವ್ಯಾರೂ ಕೇಳೂದಿಲ್ಲ."

ಅವಳು ದನಿ ಏರಿಸಲಿಲ್ಲ. ಕೂಗಿದ್ದರೆ ಅವನೂ ಕೂಗಬಹುದಿತ್ತು.

ಮರುದಿನ ಬೆಳಿಗ್ಗೆಯೇ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಜಾಯ್ಸ್‌ಳ ತಾಯಿ ಇಡುಕ್ಕಿಯಿಂದ ಇನ್ನೂ ಬಂದಿರಲಿಲ್ಲ. "ಬೈಸ್ಟಾಂಡರ್ ಯಾರು?" ಎಂದು ನರ್ಸ್ ಕೇಳಿದಾಗ, ಅಂದರೆ ರೋಗಿಯ ಜೊತೆಗಿರುವವರು ಯಾರು ಎಂದಾಗ, ವಿಠಲ ಕೈ ಎತ್ತಿದ. ಅಷ್ಟಾದರೂ ಮಾಡಲು ಸಿಕ್ಕಿತಲ್ಲ ಎನಿಸಿತು.

ಜಾಯ್ಸ್ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. "ಚೇಟ್ಟಾ, ಸಾರ್ ಎಲ್ಲರಿಗೂ ಪೇಡೆ ಹಂಚಿದರು. ನಾನು ಎರಡು ತಿಂದೆ," ಎಂದಳು ಇಂಗ್ಲಿಷಿನಲ್ಲಿ. ಅಣ್ಣ ಎಂದು ಕರೆದೇ ಕುಟುಕಿದ್ದಳು. "ಅಂತೂ ಈ ಆಸ್ಪತ್ರೆಯಲ್ಲಿ ನನಗೂ ಮಲಗಲು ಒಂದು ಹಾಸಿಗೆ ಸಿಕ್ಕಿತು ನೋಡಿ."

ವಿಠಲನಿಗೆ ತಲೆ ಎತ್ತಲಾಗಲಿಲ್ಲ. ವಿಜಯಶ್ರೀ ಅವಳ ಕಾಲ ಬಳಿ ಕೂತು ಹೊದಿಕೆ ಸರಿಪಡಿಸುತ್ತಿದ್ದಳು, ಸರಿಯಾಗಿದ್ದುದನ್ನೇ ಮತ್ತೆ ಮತ್ತೆ.

ಶ್ರೀಪತಿ ಬಂದರು. ಜಾಯ್ಸ್‌ಳ ಎಕ್ಸ್-ರೇ ಎತ್ತಿ ನೋಡಿ ಕೆಳಗಿಟ್ಟರು. ಅವರ ಕಣ್ಣುಗಳೂ ಕೆಂಪಾಗಿದ್ದವು. "ವಿಜಯಶ್ರೀ, ನೀನು ಬಂದದ್ದು ಒಳ್ಳೆಯದಾಯಿತು. ಒಂದನೇ ಟೇಬಲ್‌ಗೆ ನಾನೇ ಇದ್ದೇನೆ, ಮೂರನೆಯದಕ್ಕೆ ಯಾರೂ ಇಲ್ಲ. ಹರ್ನಿಯಾ ರೋಗಿ ಕಾಯ್ತಾ ಇದ್ದಾನೆ."

"ಬರ್ತೀನಿ ಸರ್."

ಯೋಚಿಸುವ ಮೊದಲೇ ಅವಳ ಬಾಯಿಂದ ಮಾತು ಬಂದಿತ್ತು. ಎದ್ದು ಹೊರಟೂ ಬಿಟ್ಟಳು. ವಿಠಲ ಕೂಗಲು ಬಾಯಿ ತೆರೆದ. ಮೊನ್ನೆ ಹೀಗೆಯೇ ಬಾಯಿ ತೆರೆದು ತಾನು ಮಾಡಿದ ಘನಕಾರ್ಯ ಹಾಸಿಗೆಯ ಮೇಲೆ ಬಿದ್ದಿತ್ತು. ಬಾಯಿ ಮುಚ್ಚಿದ.

ಬಾಗಿಲ ಬಳಿ ವಿಜಯಶ್ರೀ ನಿಂತಳು. ತಿರುಗಿ ಜಾಯ್ಸ್‌ಳ ಕಡೆ ನೋಡಿದಳು. ಮತ್ತೆ ಒಳಗೆ ಬಂದು ತನ್ನ ಎರಡೂ ಕೈಗಳನ್ನು ಶ್ರೀಪತಿಯವರ ಮುಂದೆ ಚಾಚಿದಳು. ಬೆರಳುಗಳು ನಡುಗುತ್ತಿದ್ದವು.

"ಇಲ್ಲ ಸರ್, ಆಗೂದಿಲ್ಲ. ಈ ಕೈ ನೋಡ್ರಿ. ಇವನ್ನ ನಂಬಿ ಒಬ್ಬರನ್ನ ಹೆಂಗ ಮಲಗಸ್ಲಿ?"

ಶ್ರೀಪತಿಯವರ ಮುಖ ಕೆಂಪಾಯಿತು. "ಇದನ್ನು ಮೊದಲೇ ಹೇಳಬೇಕಿತ್ತು."

"ಯಾರಿಗೆ ಸರ್?"

ಅವರು ಆ ಕೈಗಳನ್ನೇ ನೋಡುತ್ತ ನಿಂತರು. ವಿಜಯಶ್ರೀ ಕೈ ಹಿಂದೆಗೆಯಲಿಲ್ಲ. ಕೊನೆಗೆ ಅವರು ಫೋನ್ ತೆಗೆದರು. "ಮೂರನೇ ಟೇಬಲ್ ಇವತ್ತು ಇಲ್ಲ... ಹೌದು, ನಾನೇ ಹೇಳುತ್ತಿರುವುದು... ಸರ್ಜನ್ ಕೂಗಾಡಲಿ. ರೋಗಿಯ ಕಡೆಯವರಿಗೆ ನಾನೇ ಹೋಗಿ ಹೇಳುತ್ತೇನೆ."

ವಿಠಲನೂ ಅವರ ಹಿಂದೆ ನಡೆದ. ಹೊರಗೆ ಗಾಲಿ ಮಂಚದ ಮೇಲೆ ಆಪರೇಷನ್ನಿನ ಹಸಿರು ಅಂಗಿ ತೊಟ್ಟ ಮುದುಕನಿದ್ದ, ಪಕ್ಕದಲ್ಲಿ ಮಗ. ವಿಷಯ ಕೇಳಿದ್ದೇ ಮಗ ಮಲಯಾಳದಲ್ಲಿ ಕಿಡಿಕಾರಿದ.

"ನಿನ್ನೆಯಿಂದ ಅಚ್ಛನ್ ಏನೂ ತಿಂದಿಲ್ಲ. ನಾನು ಕೂಲಿ ಬಿಟ್ಟು ಬಂದಿದ್ದೇನೆ. ಡಾಕ್ಟರಿಗೆ ಸುಸ್ತಂತೆ! ನಮಗೆ ಸುಸ್ತಿಲ್ಲವಾ?"

"ನೀವು ಹೇಳುವುದು ಸರಿ," ಎಂದರು ಶ್ರೀಪತಿ. "ಆದರೆ ನಡುಗುವ ಕೈಯನ್ನು ನಿಮ್ಮ ತಂದೆಯ ಮೇಲೆ ಇಡಿಸಲಾರೆ. ತಪ್ಪು ನನ್ನದು." ಅವನು ಬೈದು ಮುಗಿಸುವ ತನಕ ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ಒಂದನೇ ಟೇಬಲ್‌ಗೆ ಹೋದರು.

ಮಗ ವಿಠಲನ ಕಡೆ ತಿರುಗಿದ. "ನೀನೂ ಅವರ ಕಡೆಯವನಾ?"

ವಿಠಲನ ನಾಲಿಗೆಯ ತುದಿಯಲ್ಲಿ ಮಾತು ಸಿದ್ಧವಾಗಿತ್ತು. ಒಳಗೆ ಮಲಗಿರುವ ಜಾಯ್ಸ್‌ಳನ್ನು ತೋರಿಸಿ, ಕಣ್ಣು ಬಿಟ್ಟು ನೋಡು ಎನ್ನಬಹುದಿತ್ತು. ಆದರೆ ಆ ಮಗ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆ ಜಾಗದಲ್ಲಿ ತಾನಿದ್ದರೆ ಇದಕ್ಕಿಂತ ಜೋರಾಗಿ ಕೂಗುತ್ತಿದ್ದೆ ಎಂದು ವಿಠಲನಿಗೆ ಗೊತ್ತಿತ್ತು.

"ಅಚ್ಛನ್ ಈಗ ಏನಾದರೂ ತಿನ್ನಬಹುದಾ?" ಎಂದು ಬ್ಯಾಂಕಿನಲ್ಲಿ ಕಲಿತ ಮಲಯಾಳದಲ್ಲಿ ಕೇಳಿದ.

ಮಗ ಗಕ್ಕನೆ ನಿಂತ. "ಯಾರೂ ಹೇಳಲಿಲ್ಲ."

ವಿಠಲ ಹೋಗಿ ನರ್ಸನ್ನು ಕೇಳಿಕೊಂಡು, ಕ್ಯಾಂಟೀನಿನಿಂದ ಬಿಸಿ ಗಂಜಿ ತಂದ. ಮಗ ಅವನ ಮುಖ ನೋಡದೆ ಪಾತ್ರೆ ಕಿತ್ತುಕೊಂಡ. ಈ ಆಸ್ಪತ್ರೆಯನ್ನೂ ಡಾಕ್ಟರುಗಳನ್ನೂ ಬೈಯುತ್ತಲೇ ಗಂಜಿ ಆರಿಸಿ ಅಪ್ಪನ ಬಾಯಿಗೆ ಚಮಚ ಹಿಡಿದ. ವಿಠಲ ಮುದುಕನ ಬೆನ್ನಿಗೆ ಕೈ ಕೊಟ್ಟು ಎತ್ತಿ ಹಿಡಿದು, ಬೈಗುಳಗಳನ್ನೆಲ್ಲ ಕೇಳಿಸಿಕೊಳ್ಳುತ್ತ ನಿಂತ.