ಒಬ್ಬರಿಗಾಗುವಷ್ಟು ಗೋಳಿಬಜೆ

ವಿಮಾನದ ಚಕ್ರ ಕೆಳಗಿಳಿಯುತ್ತಿಲ್ಲವಂತೆ. ಕ್ಯಾಪ್ಟನ್ ಅದನ್ನು ಇಂಗ್ಲಿಷಿನಲ್ಲಿ ಎಷ್ಟು ನಯವಾಗಿ ಹೇಳಿದನೆಂದರೆ, ಹಿಂದಿನ ಸೀಟಿನವರು ಕಾಫಿ ಬರುತ್ತದೆ ಅಂದುಕೊಂಡರು. ಆಮೇಲೆ ಅದನ್ನೇ ತಮಿಳಿನಲ್ಲಿ ಹೇಳಿದರು. ಆಗ ಅಳು ಶುರುವಾಯಿತು.

ಚೆನ್ನೈ ಮೇಲೆಯೇ ಸುತ್ತು ಹೊಡೆದು, ಇಂಧನ ಖಾಲಿ ಮಾಡಿಕೊಂಡು, ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸುತ್ತಾರಂತೆ. ತಗ್ಗಿನಲ್ಲೇ ಹಾರುತ್ತಿದ್ದುದರಿಂದ ಯಾರದೋ ಫೋನಿಗೆ ಸಿಗ್ನಲ್ ಸಿಕ್ಕಿತು. ಗಗನಸಖಿಯರು ಬೇಡ ಬೇಡವೆಂದರೂ ಎಲ್ಲರೂ ಫೋನ್ ಹಿಡಿದರು. ಪಕ್ಕದ ಹುಡುಗಿ ಗಂಡನಿಗೆ ಮಾಡಿದಳು, ಅಮ್ಮನಿಗೆ ಮಾಡಿದಳು, ಕೊನೆಗೆ ಅತ್ತೆಗೂ ಮಾಡಿದಳು. ಅತ್ತೆಗೂ! ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು.

ನಾನೂ ಫೋನ್ ತೆಗೆದೆ. ಯಾರಿಗೆ ಮಾಡಲಿ? ನನಗೆ ಐವತ್ತು ದಾಟಿದೆ, ಮದುವೆಯಾಗಲಿಲ್ಲ. ಚೆನ್ನೈನ ಗಿಂಡಿಯಲ್ಲಿ ಆಫೀಸು, ಅಣ್ಣಾ ನಗರದಲ್ಲಿ ಮನೆ. ನನ್ನಮ್ಮ ಅಮ್ಮಣ್ಣಿ ಇರುವ ತನಕ ನಾನು ಸ್ವಲ್ಪ ತಡವಾಗಿ ಬಂದರೂ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಅವಳು ಹೋಗಿ ವರ್ಷವಾಯಿತು. ಈಗ ಎಷ್ಟು ಹೊತ್ತಿಗೆ ಬಂದರೂ ಕೇಳುವವರಿಲ್ಲ. ನಾನು ಸತ್ತರೆ ಮೊದಲು ಗೊತ್ತಾಗುವುದು ಹಾಲಿನವನಿಗೆ, ಪ್ಯಾಕೆಟ್ಟು ಬಾಗಿಲಲ್ಲೇ ಉಳಿದದ್ದು ನೋಡಿ. ಸಾವಿಗಿಂತ ನನಗೆ ಅದೇ ಹೆಚ್ಚು ಭಯವಾಯಿತು.

ಬೆರಳು ಒತ್ತಿದ್ದು ನಮ್ಮ ಬೀದಿ ತುದಿಯ ಉಡುಪಿ ಹೋಟೆಲಿನ ನಂಬರು. ಗಲ್ಲಾದಲ್ಲಿ ಕೂರುವ ಕೃಷ್ಣರಾಜರೇ ಎತ್ತಿದರು.

"ರಾಯರೇ, ನಾನು ಜಯಲಕ್ಷ್ಮೀ. ಒಂದು ಪ್ಲೇಟ್ ಗೋಳಿಬಜೆ ಪಾರ್ಸೆಲ್ ಬೇಕಿತ್ತು."

"ಈಗ್ಲೇ ಕರಿದಿಟ್ರೆ ಮೆತ್ತಗಾಗ್ತದೆ ಅಮ್ಮ. ನೀವು ಬಂದ ಮೇಲೆ ಎಣ್ಣೆಗೆ ಬಿಡುದು. ನಿಮ್ಮ ಹಿಟ್ಟು ಬೇರೆ ತೆಗೆದಿಡ್ತೇನೆ. ಬರ್ತೀರಲ್ಲ?"

"ಬರ್ತೀನಿ" ಅಂದೆ.

"ಬರ್ಲಿಕ್ಕೆ ಆಗದಿದ್ರೆ ಒಂದು ಫೋನ್ ಮಾಡಿ. ಸುಮ್ನೆ ಕಾಯುದು ಬೇಡ ನಾವು."

ಲೈನು ಕಡಿಯಿತು. ಈ ಊರಿನಲ್ಲಿ ನನಗೋಸ್ಕರ ಒಂದು ಬಟ್ಟಲು ಹಿಟ್ಟಾದರೂ ಕಾಯುತ್ತದಲ್ಲ ಎಂದು ಫೋನನ್ನು ಮಡಿಲಲ್ಲಿ ಇಟ್ಟುಕೊಂಡೆ.

ಆ ಹೋಟೆಲಿನಲ್ಲಿ ನಾನು ಒಮ್ಮೆಯೂ ಕೂತು ತಿಂದವಳಲ್ಲ. ಅಮ್ಮ ಮಡಿಯವಳು. ಹೋಟೆಲಿನಲ್ಲಿ ಕೂತು ತಿನ್ನಕೂಡದು, ಕಟ್ಟಿಸಿಕೊಂಡು ಮನೆಗೆ ತಂದರೆ ದೋಷವಿಲ್ಲ ಅನ್ನುವುದು ಅವಳ ಕಾನೂನು. ಅದು ಯಾವ ಲೆಕ್ಕದಲ್ಲಿ ಸರಿಹೋಗುತ್ತಿತ್ತೋ ಆ ಪೆರುಮಾಳ್ ದೇವರಿಗೇ ಗೊತ್ತು. ಅವಳು ಹೋದ ಮೇಲೆ ಕೂರಬಹುದಿತ್ತು. ಆದರೆ ನಾಲ್ಕು ಜನರ ಮೇಜಿಗೆ ಒಬ್ಬಳೇ ಕೂರಲು ಧೈರ್ಯ ಬರಲಿಲ್ಲ.

ಇಳಿಯುವ ಹೊತ್ತಿಗೆ ಹೀಲ್ಸ್ ಚಪ್ಪಲಿ ಕಳಚಿಡಿ ಎಂದರು, ಕಳಚಿದೆ. ತಲೆ ಬಗ್ಗಿಸಿ ಎಂದರು, ಬಗ್ಗಿಸಿದೆ. ನೆಲಕ್ಕೆ ತಾಗಿದಾಗ ತಾಮ್ರದ ಹಂಡೆಯನ್ನು ಸಿಮೆಂಟಿನ ಮೇಲೆ ದರದರ ಎಳೆದಂಥ ಸದ್ದು, ಅದು ಮುಗಿಯುವುದೇ ಇಲ್ಲ. ಮುಗಿದ ಮೇಲೆ ತುರ್ತು ಬಾಗಿಲಿನ ಜಾರುಬಂಡಿಯಲ್ಲಿ ಜಾರಿ, ಅಗ್ನಿಶಾಮಕದವರು ಸುರಿದಿದ್ದ ನೊರೆಯೊಳಗೆ ಬಿದ್ದೆ. ಎಲ್ಲರೂ ಬದುಕಿದೆವು.

ಹೊರಗೆ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಪಕ್ಕದ ಸೀಟಿನ ಹುಡುಗಿಯ ಅತ್ತೆಯೂ ಬಂದಿದ್ದಳು. ವಿಮಾನ ಕಂಪನಿಯ ಹುಡುಗಿ ನನ್ನ ಹತ್ತಿರ ಬಂದು, "ಉಂಗಳುಕ್ಕಾಗ ಯಾರಾವದು ವಂದಿರುಕ್ಕಾಂಗಳಾ ಮೇಡಂ?" ಎಂದು ಕೇಳಿದಳು. ನನಗಾಗಿ ಯಾರೂ ಬಂದಿಲ್ಲ ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟೆ. ಅವಳಿಗೆ ತಿಳಿಯಲಿಲ್ಲ. ಅದನ್ನೇ ಮತ್ತೆ ತಮಿಳಿನಲ್ಲಿ ಹೇಳಬೇಕಾಯಿತು. ಬ್ಯಾಗು, ಫೋನು ಎಲ್ಲ ವಿಮಾನದಲ್ಲೇ ಉಳಿದಿದ್ದವು. ಕಂಪನಿಯವರು ಕಾರು ಕೊಟ್ಟರು. ಚಪ್ಪಲಿ ಕೊಡಲಿಲ್ಲ.

ಹೋಟೆಲಿನ ಮುಂದೆಯೇ ಇಳಿದೆ. ಸಂಜೆಯ ತಿಂಡಿ ಮುಗಿದು ಊಟ ಶುರುವಾಗಿತ್ತು.

"ಎಂತ ಅಮ್ಮ ನೀವು!" ಕೃಷ್ಣರಾಜರು ಗಲ್ಲಾದಿಂದಲೇ ಹಾರಾಡಿದರು. "ಫೋನ್ ಮಾಡಿ ಮಾಡಿ ಸಾಕಾಯ್ತು ನಂಗೆ, ತೆಗೀಲಿಕ್ಕೆ ಎಂತ ನಿಮಗೆ? ನಿಮಗೋಸ್ಕರ ಬಾಣಲೆ ಇಳಿಸದೆ ಕೂತಿದ್ದೇವೆ. ತಡ ಆಗ್ತದೆ ಅಂತ ಒಂದು ಮಾತು ಹೇಳ್ಬಾರ್ದಾ?"

ತಡವಾದದ್ದಕ್ಕೆ ನನ್ನನ್ನು ಯಾರೋ ಬೈಯುತ್ತಿದ್ದರು. ಇನ್ನಷ್ಟು ಬೈಯಲಿ ಎಂದು ಸುಮ್ಮನೆ ನಿಂತೆ.

ಗೋಡೆಯ ಟೀವಿಯಲ್ಲಿ ನಮ್ಮ ವಿಮಾನ ಕಿಡಿ ಹಾರಿಸುತ್ತ ಜಾರುತ್ತಿತ್ತು. ಅವರು ನನ್ನ ಬರಿಗಾಲನ್ನು ನೋಡಿದರು. ಸೀರೆಯಂಚಿನಲ್ಲಿ ಒಣಗಿದ್ದ ಬಿಳಿ ನೊರೆಯನ್ನು ನೋಡಿದರು. ಮತ್ತೆ ಟೀವಿ ನೋಡಿದರು. ಬೈಗುಳ ನಿಂತಿತು.

ಹೋಟೆಲು ತುಂಬಿರುವಾಗ ಗಲ್ಲಾ ಬಿಟ್ಟು ಏಳದ ಮನುಷ್ಯ ಎದ್ದು ಬಂದು ಕುರ್ಚಿ ಎಳೆದರು. "ಕೂತ್ಕೊಳ್ಳಿ. ಪಾರ್ಸೆಲ್ ಬೇಡ ಇವತ್ತು, ಇಲ್ಲೇ ತಿನ್ನಿ." ಅಡುಗೆಮನೆಯತ್ತ ತಿರುಗಿ ಬಜೆ ಬಿಡಲು ಕೂಗಿದರು. ಆಮೇಲೆ ಮೆಲ್ಲಗೆ, "ನಿಮ್ಮವ್ರು ಯಾರಿಗಾದ್ರೂ ಹೇಳ್ಬೇಕಾ ಅಮ್ಮ? ನನ್ನ ಫೋನಿಂದ ಮಾಡಿ" ಅಂದರು.

"ವಿಮಾನದಿಂದಲೇ ಮಾಡಿದ್ನಲ್ಲ ರಾಯರೇ" ಅಂದೆ. "ಒಂದೇ ಫೋನು. ನಿಮಗೇ."

ಅವರು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ನಾನು ಅಮ್ಮ ಹೋದ ದಿನವೂ ಅಳದಷ್ಟು ಅತ್ತುಬಿಟ್ಟೆ. ಗಲ್ಲಾದ ಮುಂದೆ ಗಿರಾಕಿಗಳು ಬಿಲ್ಲು ಹಿಡಿದು ಸಾಲಾಗಿ ನಿಂತಿದ್ದರು, ಅವರು ಆ ಕಡೆ ತಿರುಗಲೇ ಇಲ್ಲ.