ಬಿಗಿಯಾಗದ ಗಂಟು

ನನ್ನ ದನಿ ಸಣ್ಣದು. ಏಳು ದಿನದ ತರಬೇತಿ ಮುಗಿಸಿ ಬಂದ ಮೇಲೂ ನಾನು ಊದಿದ ಸೀಟಿ ಮೈದಾನದ ಆ ತುದಿಗೆ ಕೇಳುತ್ತಿರಲಿಲ್ಲ. ಆದರೂ ನಮ್ಮ ಹೈಸ್ಕೂಲಿನ ಗೈಡ್ಸ್ ತಂಡ ನನ್ನ ಪಾಲಿಗೇ ಬಂತು. ನಾನು ಅತಿಥಿ ಶಿಕ್ಷಕಿ, ಒಲ್ಲೆ ಎನ್ನಲು ಬಾರದವಳು. ದಾಂಡೇಲಿಯಿಂದ ಹಳಿಯಾಳಕ್ಕೆ ಒಂದು ಬಸ್ಸು, ಅಲ್ಲಿಂದ ಶಾಲೆಯ ಊರಿಗೆ ಇನ್ನೊಂದು. ನಾನು ಗೇಟು ದಾಟುವಾಗ ಪ್ರಾರ್ಥನೆ ಅರ್ಧ ಆಗಿರುತ್ತಿತ್ತು.

ನನ್ನ ಬದಲು ಸೀಟಿ ಊದುತ್ತಿದ್ದವಳು ಸೌಂದರ್ಯಾ. ಒಂಬತ್ತನೇ ಇಯತ್ತೆ, ಎಂಟು ಹುಡುಗಿಯರ ದಳಕ್ಕೆ ನಾಯಕಿ. ನಾನು ಬಾಯಲ್ಲಿ ಹೇಳಿದ್ದನ್ನು ಅವಳು ಸೀಟಿಯಲ್ಲಿ ಹೇಳುತ್ತಿದ್ದಳು. ಹಾಗೆ ನಮ್ಮಿಬ್ಬರ ಸಂಸಾರ ನಡೆದಿತ್ತು.

ಒಂದು ಶನಿವಾರ ಬೋಲೈನ್ ಗಂಟು ಕಲಿಸುತ್ತಿದ್ದೆ.

"ಟೀಚರ್, ಇದು ಎಷ್ಟ ಜಗ್ಗಿದ್ರೂ ಬಿಗಿ ಆಗಂಗಿಲ್ಲೇನ್ರಿ?" ಎಂದಳು ಸೌಂದರ್ಯಾ.

"ಆಗೂದಿಲ್ಲ. ಬಾವ್ಯಾಗ ಬಿದ್ದವರನ್ನ ಎತ್ತಲಿಕ್ಕೆ ಇದನ್ನ ನಡಕ್ಕ ಕಟ್ತಾರ. ಬಿಚ್ಚೂದೂ ಇಲ್ಲ, ಬಿಗಿಯೂದೂ ಇಲ್ಲ."

"ಸಣ್ಣ ಕೂಸಿನ ನಡಕ್ಕ ಕಟ್ಟಿದ್ರ?"

"ಕೂಸನ್ನ ಬಾವ್ಯಾಗ ಒಗಿಯಾಕಿ ಏನ ನೀ?" ಎಂದಳು ದಳದ ರಾಜಶ್ರೀ. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಡೈರಿಯಲ್ಲಿ ಬರೆದೆ: ಇಂದು ಸೌಂದರ್ಯಾ ಒಳ್ಳೆಯ ಪ್ರಶ್ನೆ ಕೇಳಿದಳು.

ಗೈಡ್ಸ್‌ನಲ್ಲಿ ಪ್ರತಿ ಹುಡುಗಿಗೂ ಒಂದು ಲಾಗ್ ಪುಸ್ತಕ. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ಅದರಲ್ಲಿ ಬರೆಯಬೇಕು. ವಾರಕ್ಕೊಮ್ಮೆ ನಾನು ಸಹಿ ಹಾಕಬೇಕು. ಉಳಿದವರ ಪುಸ್ತಕ ಓದಿದರೆ ಒಂದೇ ವಾರದಲ್ಲಿ ಐದು ಮಂದಿ ಕುರುಡರು ರಸ್ತೆ ದಾಟಿರುತ್ತಿದ್ದರು. ಆ ಊರಲ್ಲಿ ದಾಟುವಂಥ ರಸ್ತೆ ಇರುವುದು ಒಂದೇ, ಕುರುಡರು ಯಾರೂ ಇಲ್ಲ. ಸೌಂದರ್ಯಾಳ ಪುಸ್ತಕ ಹಾಗಿರಲಿಲ್ಲ. 'ಅಜ್ಜಿಯ ಕಾಲಿನ ಮುಳ್ಳು ತೆಗೆದೆ.' 'ಸುಮಿತಾಗೆ ಭಾಗಾಕಾರ ಹೇಳಿಕೊಟ್ಟೆ, ಅವಳಿಗೆ ತಿಳಿಯಲಿಲ್ಲ.' ಕೆಲವು ದಿನ ಬರೀ ಇಷ್ಟು: 'ಇವತ್ತು ಏನೂ ಆಗಲಿಲ್ಲ.'

"ಖಾಲಿ ದಿನಾನೂ ಯಾಕ ಬರೀತಿ?" ಎಂದು ಕೇಳಿದ್ದೆ.

"ಮೊದಲನೇ ನಿಯಮ ಐತೆಲ್ರಿ ಟೀಚರ್," ಎಂದಿದ್ದಳು. ಗೈಡ್ ನಂಬಿಕೆಗೆ ಯೋಗ್ಯಳು ಎಂಬುದು ಮೊದಲ ನಿಯಮ. ಅದನ್ನು ಬಾಯಿಪಾಠ ಮಾಡಿಸಿದವಳು ನಾನೇ.

ಭತ್ತದ ಕೊಯ್ಲು ಮುಗಿದ ವಾರ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ದಾಂಡೇಲಿಯಲ್ಲಿ ಗೈಡ್ಸ್‌ನ ರಾಜ್ಯ ಪುರಸ್ಕಾರದ ಪರೀಕ್ಷಾ ಶಿಬಿರಕ್ಕೆ ಹತ್ತೇ ದಿನ ಉಳಿದಿತ್ತು.

"ನಾ ಬರೂದ ಆಗಂಗಿಲ್ರಿ. ಅಪ್ಪ ಅವ್ವ ಗೋವಾಕ್ಕ ಕಟ್ಟಡದ ಕೆಲಸಕ್ಕ ಹೊಂಟಾರ. ಕೂಸನ್ನ ನೋಡ್ಕೊಳ್ಳಾಕ ನಾನೂ ಹೋಗಬೇಕ್ರಿ." ಬಾಗಿಲು ಬಿಟ್ಟು ಒಳಗೆ ಬಂದು ಅಂದಳು, "ನೀವು ಬಂದು ಒಂದ ಮಾತ ಹೇಳಿದ್ರ ಅಪ್ಪ ಕೇಳ್ತಾನ್ರಿ. ನಾಕ ದಿನದ ಶಿಬಿರ. ನನಗ ಹೋಗಬೇಕಂತ ಭಾಳ ಐತ್ರಿ."

ಹೆಡ್ ಮಾಸ್ತರ ಕರಿಬಸಪ್ಪ ಸರ್‌ಗೆ ಹೇಳಿದೆ. ಅವರು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಹೋಗಿ ಬರ್ರಿ. ಎಂಟು ಹೆಸರು ಕಳಿಸೇವಿ, ಎಂಟು ಹುಡುಗ್ಯಾರು ಬೇಕು. ಶಿಬಿರಕ್ಕ ಹೋಗದಿದ್ರ ಹತ್ತನೇ ಪರೀಕ್ಷಿಗೆ ಕೂಡಸಂಗಿಲ್ಲ ಅಂತ ಹೇಳ್ರಿ. ಆ ಮಂದಿ ಅದೊಂದಕ್ಕ ಅಂಜತಾರ."

"ಹಂಗೇನೂ ಇಲ್ಲಲ್ರಿ ಸರ್?"

"ನನಗ ಗೊತ್ತಿಲ್ಲೇನ್ರಿ ಅದು?"

ಬಸ್ಸಿನಲ್ಲಿ ಕೂತು ಆ ಸುಳ್ಳನ್ನು ಬಾಯಲ್ಲೇ ನಾಲ್ಕೈದು ಸಲ ಹೇಳಿಕೊಂಡೆ. ಹಿಂದಿನ ರಾತ್ರಿ ಡೈರಿಯಲ್ಲೂ ಬರೆದಿದ್ದೆ, ಭಾಷಣಕ್ಕೆ ತಯಾರಾಗುವವರ ಹಾಗೆ. ನನಗೆ ಖರೇ ಮಾತು ಹೇಳುವುದೇ ಕಷ್ಟ. ಆದರೆ ಒಂದು ಮಾತಿನಿಂದ ಅವಳು ಉಳಿಯುತ್ತಾಳೆ ಅಂದರೆ ಹೇಳಿಯೇಬಿಡಬೇಕು ಅನಿಸಿತ್ತು.

ಕಾಡಿನ ಅಂಚಿನಲ್ಲಿ ಹದಿನೈದು ಮನೆಯ ಒಂದು ದೊಡ್ಡಿ, ಅದೇ ಅವಳ ಊರು. ಸೌಂದರ್ಯಾಳ ಅಪ್ಪ ಖೇಮಪ್ಪ ಅಂಗಳದಲ್ಲಿ ಕಂಬಳಿ ಹಾಸಿ ಕೂಡಿಸಿದ. ಅವ್ವ ಭೀಮಿಬಾಯಿ ಮಜ್ಜಿಗೆ ತಂದು ಕೊಟ್ಟಳು. ಮೂಲೆಯಲ್ಲಿ ಹಂಡೆ, ತವೆ, ಎರಡು ಕೊಡ ಆಗಲೇ ಚೀಲ ಸೇರಿದ್ದವು. ಸೌಂದರ್ಯಾಳ ತಂಗಿ, ಹದಿನಾಲ್ಕು ತಿಂಗಳ ಕೂಸು, ಗೋಡೆ ಬಿಟ್ಟು ಮೂರು ಹೆಜ್ಜೆ ಇಡುವುದು, ಬೀಳುವುದು, ನಮ್ಮನ್ನು ನೋಡಿ ನಗುವುದು.

ನಾನು ಹೇಳಿದೆ. ಅಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿರಲಿಲ್ಲ.

"ಶಿಬಿರಕ್ಕ ಬರಲಿಲ್ಲಂದ್ರ ಇಕಿನ್ನ ಹತ್ತನೇ ಪರೀಕ್ಷಿಗೆ ಕೂಡಸೂದಿಲ್ರಿ."

ಖೇಮಪ್ಪ ಬಿದ್ದ ಕೂಸನ್ನು ಎತ್ತಿ ನಿಲ್ಲಿಸಿದ. "ನಮ್ಮ ವಂಶದಾಗ ಯಾರೂ ಹತ್ತನೇತ್ತಾ ಮುಟ್ಟಿಲ್ರಿ ಅಕ್ಕಾರ. ಇಕಿ ಮುಟ್ಲಿ. ಇಲ್ಲೇ ನಮ್ಮವ್ವನ ಹತ್ರ ಬಿಟ್ಟ ಹೋಗ್ತೇವಿ."

"ಕೂಸು?" ಎಂದಳು ಭೀಮಿಬಾಯಿ.

"ಕೆಲಸದ ಜಾಗಾದಾಗ ಕಂಬಕ್ಕ ಕಟ್ಟೂಣು. ಎಲ್ಲಾರೂ ಕಟ್ಟೂದಿಲ್ಲೇನು?"

"ಎಲ್ಲಾರ ಕೂಸು ನೆಲದ ಮ್ಯಾಲೆ ಇರ್ತಾವ. ಈ ಸಲ ಮೂರನೇ ಅಂತಸ್ತು. ಸುತ್ತ ಗ್ವಾಡಿನ ಇನ್ನೂ ಎದ್ದಿಲ್ಲ." ಅವಳು ನನ್ನ ಕಡೆ ತಿರುಗಿದಳು. "ಬಿಗಿ ಕಟ್ಟಿದ್ರ ಹೊಟ್ಟಿ ಕೆಂಪಗ ಆಗಿ ಅಳತೈತ್ರಿ. ಸಡಲ ಕಟ್ಟಿದ್ರ ನುಸುಳಿ ಹೊಂಟಬಿಡತೈತಿ."

ನನ್ನ ಕೈಯಲ್ಲಿ ಮಜ್ಜಿಗೆಯ ಲೋಟ ಇತ್ತು. ನಾನು ನಗಾಡಿದ್ದ ಆ ಪ್ರಶ್ನೆ ನೆನಪಾಯಿತು. ಕುಡಿಯಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ.

ಸೌಂದರ್ಯಾ ಅಟ್ಟದಿಂದ ಹಗ್ಗ ತೆಗೆದಳು. "ಅವ್ವಾ, ಇಲ್ಲಿ ನೋಡು. ಟೀಚರ್ ಕಲಸ್ಯಾರ. ಇದು ಬಿಗಿ ಆಗಂಗಿಲ್ಲ, ಬಿಚ್ಚಂಗಿಲ್ಲ." ಕೂಸಿನ ನಡಕ್ಕೆ ಸುತ್ತಿ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಗಂಟು ಹಾಕಿ ಜಗ್ಗಿ ತೋರಿಸಿದಳು. ಕೂಸು ಅದೇನೋ ಆಟ ಎಂದು ಕುಣಿಯಿತು. "ಈಗ ನೀ ಹಾಕು."

ಭೀಮಿಬಾಯಿ ಹಾಕಿದಳು. ಜಗ್ಗಿದರೆ ಉಚ್ಚಿ ಬಂತು.

"ಹಂಗಲ್ಲ, ತಳಗಿಂದ ತಗೋ. ಸುತ್ತಿಸು. ಹೊಳ್ಳಿ ಅದರಾಗ ಹಾಕು."

ಎರಡನೇ ಸಲ ಅದು ಜಾರುಗಂಟಾಗಿ ಕೂಸಿನ ಹೊಟ್ಟೆಗೆ ಬಿಗಿಯಿತು. ಕೂಸು ಚೀರಿತು. ಭೀಮಿಬಾಯಿ ಗಾಬರಿಯಿಂದ ಬಿಚ್ಚಿದಳು. ಸೌಂದರ್ಯಾ ಅವ್ವನ ಬೆರಳುಗಳನ್ನು ಹಿಡಿದು, ಮೊದಲನೇತ್ತೆಯ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವ ಹಾಗೆ, ಮತ್ತೆ ಹಾಕಿಸಿದಳು. ಕೈ ಬಿಟ್ಟ ಕೂಡಲೇ ಮತ್ತೆ ತಪ್ಪಿತು.

"ನನಗ ಇದು ತಲಿಗೆ ಹತ್ತಂಗಿಲ್ಲ ಬಿಡವಾ," ಎಂದು ಭೀಮಿಬಾಯಿ ನಕ್ಕಳು. "ಸಾಲಿ ಕಲ್ತವರ ಗಂಟು ಇದು."

ನಾನಾದರೂ ಎದ್ದು ಇನ್ನೊಂದು ಸಲ ತೋರಿಸಬಹುದಿತ್ತು. ಎದ್ದೆ ಕೂಡ. ಹಗ್ಗಕ್ಕೆ ಕೈ ಚಾಚಲಿಲ್ಲ.

ಸೌಂದರ್ಯಾ ಹಗ್ಗ ಸುತ್ತಿ ಇಟ್ಟಳು. ನನ್ನ ಮುಖ ನೋಡಲಿಲ್ಲ.

"ಅಪ್ಪಾ, ಟೀಚರ್ ಹೇಳಿದ್ದು ಖರೇ ಅಲ್ಲ. ಶಿಬಿರಕ್ಕ ಹೋಗದಿದ್ರೂ ಪರೀಕ್ಷಿ ಬರೀಬಹುದು. ಅದೊಂದು ಸರ್ಟಿಫಿಕೇಟ್ ಅಷ್ಟ. ನಾ ನಿಮ್ಮ ಕೂಡ ಬರ್ತೇನಿ."

ಖೇಮಪ್ಪ ನನ್ನ ಕಡೆ ನೋಡಿದ. ಅವನು ಬೈದಿದ್ದರೆ ಚೆನ್ನಾಗಿತ್ತು.

"ಇಕಿ ಮ್ಯಾಲಿನ ಕಾಳಜಿಗೆ ಹೇಳೀರಿ, ನನಗ ತಿಳೀತೈತ್ರಿ," ಎಂದ. "ಹೋಳಿ ಹುಣ್ಣಿವಿಗೆ ಬಂದಬಿಡ್ತೇವಿ. ಒಂಬತ್ತನೇದ ಪರೀಕ್ಷಿ ಬರೀತಾಳ. ಮಜ್ಜಿಗಿ ಕುಡೀರಿ ಅಕ್ಕಾರ, ಹಂಗ ಐತಿ."

ಹೋಳಿ ಎಂದರೆ ಮೂರು ತಿಂಗಳ ಪಾಠ. ಹೋದ ವರ್ಷ ಹೋಳಿಗೆ ಬರುತ್ತೇವೆ ಎಂದು ಹೋದವರ ಹೆಸರುಗಳು ಇನ್ನೂ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿವೆ. ಅದನ್ನು ಹೇಳಬೇಕಿತ್ತು. ಅದು ಖರೇ ಮಾತು. ಆದರೆ ಆಗ ನಾನು ಏನು ಹೇಳಿದರೂ ಅವರು ಯಾಕೆ ನಂಬಬೇಕು?

ಹೊತ್ತು ಮುಳುಗುತ್ತಿತ್ತು. ಬಸ್ ನಿಲ್ಲುವಲ್ಲಿಗೆ ಕಾಡಿನ ದಾರಿ ಒಂದೂವರೆ ಕಿಲೋಮೀಟರ್. ಸೌಂದರ್ಯಾ ಕೂಸನ್ನು ಟೊಂಕದ ಮೇಲೆ ಎತ್ತಿಕೊಂಡು ನನ್ನ ಜೊತೆ ಬಂದಳು.

"ಸಿಟ್ಟಾದ್ರೇನ್ರಿ ಟೀಚರ್?"

"ಇಲ್ಲ."

"ಅವ್ವಗ ಆ ಗಂಟು ಬರೂದಿಲ್ರಿ."

"ಹೂಂ."

ಬಸ್ಸು ಬಂತು. ಅವಳು ಎಡಗೈ ಮುಂದೆ ಮಾಡಿದಳು. ಗೈಡ್ಸ್‌ನಲ್ಲಿ ಕೈ ಕುಲುಕುವುದು ಎಡಗೈಯಿಂದ. ನಾನು ಮರೆತು ಬಲಗೈ ಚಾಚಿದೆ. ಕಂಡಕ್ಟರ್ ಬೆಲ್ ಹೊಡೆದ.

ಸೋಮವಾರ ಎಂಟನೇತ್ತೆಯ ಸುಮಿತಾ ಒಂದು ಗಂಟು ತಂದು ಕೊಟ್ಟಳು. ಅವಳದ್ದೂ ಅದೇ ದೊಡ್ಡಿ. "ಸೌಂದರ್ಯಕ್ಕ ಕೊಟ್ಟಾಳ್ರಿ. ನಿನ್ನೆ ಹ್ವಾದ್ರು." ಒಳಗೆ ಶಾಲೆಯ ಸ್ಕಾರ್ಫ್, ತೊಳೆದು, ಹಾಸಿಗೆಯ ಕೆಳಗಿಟ್ಟು ಮಡಿಕೆ ಕೂಡಿಸಿದ್ದು. ಅದರಲ್ಲಿ ಸುತ್ತಿದ ಸೀಟಿ. ಲಾಗ್ ಪುಸ್ತಕ. ಕೊನೆಯ ಬರಹದ ಮೇಲೆ ನಾನು ಹೋಗಿದ್ದ ದಿನದ ತಾರೀಖು ಇತ್ತು: 'ಟೀಚರ್ ಮನೆಗೆ ಬಂದಿದ್ದರು. ದಾರಿ ಗೊತ್ತಿರಲಿಲ್ಲ. ಬಸ್ಸಿನ ತನಕ ಮುಟ್ಟಿಸಿ ಬಂದೆ.' ಬದಿಯಲ್ಲಿ ನನ್ನ ಸಹಿಯ ಜಾಗ ಖಾಲಿ.

ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ, ಡೈರಿಯ ಪಕ್ಕ. ಸುಮಿತಾ ನೋಡುತ್ತಿದ್ದಳು.

ಕರಿಬಸಪ್ಪ ಸರ್ ಇಬ್ಬರನ್ನೂ ಆಫೀಸಿಗೆ ಕರೆದರು. "ಆತಲ್ಲ, ಎಂಟನೇ ಹೆಸರಿಗೆ ಇಕಿನ್ನ ಹಾಕ್ರಿ. ಸೌಂದರ್ಯಾಂದು ಲಾಗ್ ಪುಸ್ತಕ ಬಂದೈತೇನು? ಮ್ಯಾಲಿನ ಹಾಳಿ ಹರದು ಇಕಿ ಹೆಸರು ಹಚ್ಚಿಬಿಡ್ರಿ. ಅಕ್ಷರ ಯಾರ ನೋಡ್ತಾರ?"

"ಸ್ಕಾರ್ಫ್ ಅಷ್ಟ ಬಂದೈತ್ರಿ ಸರ್. ಪುಸ್ತಕ ಕೊಟ್ಟಿಲ್ಲ."

ಈ ಸಲ ಏನೂ ತಯಾರಿ ಬೇಕಾಗಲಿಲ್ಲ. ಸುಮಿತಾ ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಚೀಲವನ್ನು ನೋಡಿದಳು. ನಾನು ಕಾದೆ. ಅವಳು ಏನೂ ಹೇಳಲಿಲ್ಲ. ಅವಳು ಇನ್ನೂ ಗೈಡ್ಸ್ ಪ್ರತಿಜ್ಞೆ ತೆಗೆದುಕೊಂಡವಳಲ್ಲ.

"ಹೋಗ್ಲಿ ಬಿಡ್ರಿ, ಹೊಸಾದು ಬರಸ್ರಿ," ಎಂದರು ಸರ್. "ಆರು ತಿಂಗಳದ್ದ ಬೇಕು. ನಾಳಿ ಮಟ ಟೈಮ್ ಐತಿ."

ಮಧ್ಯಾಹ್ನ ಧ್ವಜದ ಕಟ್ಟೆಯ ಹತ್ತಿರ ಸುಮಿತಾಳ ಕೊರಳಿಗೆ ಆ ಸ್ಕಾರ್ಫ್ ಕಟ್ಟಿದೆ. ಮೂರು ಬೆರಳು ಎತ್ತಿಸಿ ಪ್ರತಿಜ್ಞೆ ಹೇಳಿಕೊಟ್ಟೆ. ತಪ್ಪಿಲ್ಲದೆ ಹೇಳಿದಳು, ಗಟ್ಟಿ ದನಿಯಲ್ಲಿ. ಆಮೇಲೆ ಖಾಲಿ ಕ್ಲಾಸಿನಲ್ಲಿ ಹೊಸ ಪುಸ್ತಕ ಬಿಚ್ಚಿ ಕೂತಳು. ನಾನು ಎದುರಿನ ಬೆಂಚಿನಲ್ಲಿ ಕೂತೆ. ಗೆರೆ ಎಳೆದಳು, ತಾರೀಖುಗಳನ್ನು ಒಂದರ ಕೆಳಗೆ ಒಂದು ಅಂದವಾಗಿ ಬರೆದಳು. ಪೆನ್ನಿನ ತುದಿ ಕಚ್ಚುತ್ತ ನನ್ನನ್ನು ಕೇಳಿದಳು:

"ಟೀಚರ್, ಜುಲೈ ಮೂರಕ್ಕ ನಾ ಏನ ಒಳ್ಳೇ ಕೆಲಸಾ ಮಾಡೇನ್ರಿ?"