ಬೇಡ ಎಂದು ಬರೆದ ಹೆಸರು

ಇಸಿದೋರನ ಮೊದಲ ಏಳು ಎದುರಾಳಿಗಳನ್ನು ಆರಿಸಿದವರು ನನ್ನ ಗಂಡ ಒಸ್ವಾಲ್ಡ್. ಎಂಟನೆಯವನನ್ನು ನಾನು ಆರಿಸಬೇಕಾಯಿತು.

ಇಸಿದೋರ್ ಒಸ್ವಾಲ್ಡರ ತಮ್ಮ. ಬೋಳಾರದ ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಕೆಲಸ. ವರ್ಷಕ್ಕೆರಡು ಸಲ ಅದೇ ಕಾರ್ಖಾನೆಯ ಅಂಗಳದಲ್ಲಿ, ಟಿಕೇಟು ಇಟ್ಟು, ಬಾಕ್ಸಿಂಗ್. ಪಶ್ಚಿಮ ಕರಾವಳಿಯ ಮಿಡ್ಲ್‌ವೆಯ್ಟ್ ಪಟ್ಟ ನಾಲ್ಕು ವರ್ಷದಿಂದ ಅವನದು. ಪಟ್ಟವೆಂದರೆ ಅಗಲವಾದ ಒಂದು ಚರ್ಮದ ಬೆಲ್ಟು, ನಡುವೆ ಹಿತ್ತಾಳೆಯ ಫಲಕ. ಜೆಪ್ಪುವಿನ ನಮ್ಮ ಮನೆಯಲ್ಲಿ ಅದು ದೇವರ ಆಲ್ತಾರಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು.

ಒಸ್ವಾಲ್ಡ್ ಅದೇ ಕಾರ್ಖಾನೆಯಲ್ಲಿ ಗುಮಾಸ್ತರು. ಬೊಂಬಾಯಿಯಿಂದ ಇಂಗ್ಲಿಷಿನ ಒಂದು ಆಟೋಟದ ವಾರಪತ್ರಿಕೆ ತರಿಸುತ್ತಿದ್ದರು. ಯಾರು ಯಾರೊಡನೆ ಆಡಿದರು, ಎಷ್ಟು ರೌಂಡು ನಿಂತರು ಎಂಬುದನ್ನೆಲ್ಲ ಕತ್ತರಿಸಿ ಒಂದು ದಪ್ಪ ಪುಸ್ತಕಕ್ಕೆ ಅಂಟಿಸುತ್ತಿದ್ದರು. ಅದನ್ನು ನೋಡಿ ಎದುರಾಳಿಯನ್ನು ಆರಿಸಿ ಪತ್ರ ಬರೆಯುತ್ತಿದ್ದರು. ೧೯೩೬ರ ನವೆಂಬರಿನಲ್ಲಿ ಅವರಿಗೆ ಟೈಫಾಯ್ಡ್ ಬಂತು. ಇಪ್ಪತ್ತೆರಡು ದಿನ.

ನಾನು ಹುಡುಗಿಯರ ಶಾಲೆಯ ಕೆಲಸ ಬಿಟ್ಟೆ. ಕಪ್ಪು ಉಟ್ಟೆ. ಬೆಳಿಗ್ಗೆ ಎದ್ದು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಹಾಕಿದ ಚಿಲಕವನ್ನೇ ಮತ್ತೆ ಹೋಗಿ ನೋಡುತ್ತಿದ್ದೆ. ಶನಿವಾರ ಅಂಚೆಯವನು ಬರುತ್ತಿದ್ದ. ಅವನು ಕೊಟ್ಟದ್ದನ್ನು ಒಳಗೆ ಇಡುತ್ತಿದ್ದೆ.

ಹೀಗೆ ಒಂದು ವರ್ಷ ಕಳೆಯಿತು. ಆ ವರ್ಷ ಇಸಿದೋರ್ ಒಂದು ಪಂದ್ಯವನ್ನೂ ಆಡಲಿಲ್ಲ.

ಪಂದ್ಯಗಳನ್ನು ನಡೆಸುತ್ತಿದ್ದವರು ಬಂದರಿನಲ್ಲಿ ಹಗ್ಗದ ಅಂಗಡಿ ಇಟ್ಟಿದ್ದ ಅಬೂಬಕ್ಕರ್. ಡಿಸೆಂಬರಿನಲ್ಲಿ ಒಂದು ದಿನ ಮನೆಗೆ ಬಂದು ಜಗಲಿಯಲ್ಲಿ ಕುಳಿತರು.

“ಬಾಯಮ್ಮ, ಪಟ್ಟ ಮೊಳೆಯಲ್ಲಿ ಇದ್ದರೆ ಅದು ಪಟ್ಟ ಅಲ್ಲ, ಕ್ಯಾಲೆಂಡರು. ಒಸ್ವಾಲ್ಡ್ ಪೊರ್ಬುಗಳ ಪುಸ್ತಕ ಉಂಟಲ್ಲ, ಅದನ್ನು ನೋಡಿ ಒಂದು ಹೆಸರು ತೆಗೆಯಿರಿ. ನೀವು ಬಿ.ಎ. ಓದಿದವರು. ನನಗೆ ಇಂಗ್ಲಿಷಿನಲ್ಲಿ ಗೊತ್ತಿರುವುದು ಹಗ್ಗದ ನಂಬರು ಮಾತ್ರ.”

ನೋಡುತ್ತೇನೆ ಎಂದೆ.

ಅವರು ಹೋದ ಮೇಲೆ ಅತ್ತೆ ಗೆರ್ಟ್ರೂಡ್ ನನ್ನನ್ನು ಅಡಿಗೆಮನೆಗೆ ಕರೆದರು. ಮೀನು ಕೊಯ್ಯುತ್ತಿದ್ದರು. ತಲೆ ಎತ್ತಲಿಲ್ಲ.

“ಹೆಲನ್, ಒಬ್ಬನನ್ನು ಇಗರ್ಜಿಯ ಹಿತ್ತಲಿನ ಮಣ್ಣಿಗೆ ಕೊಟ್ಟಾಯಿತು. ಇವನನ್ನು ಮುರಿದು ತರುವುದು ಬೇಡ. ಒಸ್ವಾಲ್ಡ್ ಹೇಗೆ ಆರಿಸುತ್ತಿದ್ದನೋ ಹಾಗೇ ಆರಿಸು.”

“ಹೇಗೆ ಆರಿಸುತ್ತಿದ್ದರು, ಮಾಂಯ್?”

“ಪುಸ್ತಕ ನೋಡು. ನಿನಗೆ ತಿಳಿಯುತ್ತದೆ.”

ನಾನು ಹೂಂ ಎನ್ನಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.

ಭಾನುವಾರ ಪೂಜೆ ಮುಗಿಸಿ ಬಂದ ಇಸಿದೋರ್ ಕೋಟನ್ನೂ ತೆಗೆಯದೆ ನನ್ನೆದುರು ನಿಂತ. ಅವನು ಕುಳಿತಲ್ಲಿ ಕೂರುವವನಲ್ಲ. ಮಾತಾಡುವಾಗಲೂ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ.

“ವೊನಿ, ಪುಸ್ತಕ ಓದಿ ಹೇಳಿ. ಎಲ್ಲ ಓದಿ.”

“ಯಾಕೆ ಈಗ?”

“ಹಂಚು ಒತ್ತುವ ಪ್ರೆಸ್ಸಿನ ಚನಿಯ ಎಲ್ಲರೆದುರು ಕೇಳಿದ. ‘ನಿನ್ನೆದುರು ಬಿದ್ದವರು ಇಲ್ಲಿಗೆ ಬರುವ ಮೊದಲೇ ಬಿದ್ದು ಅಭ್ಯಾಸ ಆದವರಲ್ಲವಾ ಮಾರಾಯ?’ ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ.”

ನಾನು ಪುಸ್ತಕ ತಂದೆ. ಅಂಟಿನ ವಾಸನೆ ಇನ್ನೂ ಇತ್ತು. ಏಳು ಹೆಸರುಗಳನ್ನೂ ಹುಡುಕಿ ಓದಿದೆ. ಮೊದಲನೆಯವನು ಹದಿನಾಲ್ಕು ಪಂದ್ಯ ಗೆದ್ದಿದ್ದ, ಒಂದನ್ನೂ ಸೋತಿರಲಿಲ್ಲ.

“ನೋಡಿ!” ಎಂದ ಇಸಿದೋರ್. “ಹದಿನಾಲ್ಕು!”

“ಯಾರ ಮೇಲೆ ಗೆದ್ದ ಎಂದು ಕೇಳು.”

ಹದಿನಾಲ್ಕು ಪಂದ್ಯಗಳಲ್ಲಿ ಎದುರಾದವರು ಮೂವರು. ಅದೇ ಮೂವರನ್ನು ಸರದಿಯಲ್ಲಿ ಸೋಲಿಸಿದ್ದ. ಆ ಮೂವರು ಬೇರೆ ಯಾರ ಮೇಲೂ ಗೆದ್ದವರಲ್ಲ. ಎರಡನೆಯವನದೂ ಹಾಗೇ. ಐದನೆಯವನಿಗೆ ಮೂವತ್ತೊಂಬತ್ತು ವರ್ಷ. ಕಾಗದದಲ್ಲಿ ಎಲ್ಲರೂ ಹುಲಿಗಳು. ಒಸ್ವಾಲ್ಡ್ ಪ್ರತಿ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಆಗಬಹುದು’ ಎಂದು ಬರೆದಿದ್ದರು.

ಬೇರೆ ಕೆಲವು ಹೆಸರುಗಳ ಪಕ್ಕದಲ್ಲಿ ‘ಬೇಡ’ ಎಂದಿತ್ತು. ಒಂದು ಹೆಸರಿನ ಬಳಿ ಮಾತ್ರ ಅದನ್ನು ಎರಡು ಸಲ ಬರೆದು ಕೆಳಗೆ ಗೆರೆ ಎಳೆದಿದ್ದರು.

“ಯಾರದು?”

“ಮಾಯಿಲಪ್ಪ. ನಮ್ಮ ಪಣಂಬೂರಿನವನೇ. ಬೊಂಬಾಯಿ ಬಂದರಿನ ಡಾಕಿನಲ್ಲಿ ಕೆಲಸ. ಮೂವತ್ತೊಂದು ಪಂದ್ಯ. ಒಂಬತ್ತು ಸೋತಿದ್ದಾನೆ.”

“ಒಂಬತ್ತು ಸೋತವನಿಗೆ ಯಾಕೆ ಎರಡು ಬೇಡ?”

“ಯಾರಿಗೆ ಸೋತ ಎಂದು ಕೇಳು.”

ಒಂಬತ್ತರಲ್ಲಿ ಎಂಟನ್ನು ಕೊನೆಯವರೆಗೆ ನಿಂತು, ಬರೀ ಪಾಯಿಂಟಿನ ಮೇಲೆ ಸೋತದ್ದು. ಬೊಂಬಾಯಿಯ ಚಾಂಪಿಯನ್ನನೊಡನೆ ಹನ್ನೆರಡು ರೌಂಡು ನಿಂತಿದ್ದ. ಕೊನೆಗೆ ಚಾಂಪಿಯನ್ನನನ್ನೇ ಹಿಡಿದುಕೊಂಡು ಹೋಗಬೇಕಾಯಿತು ಎಂದು ಪತ್ರಿಕೆ ಬರೆದಿತ್ತು. ಅವನು ಸೋತದ್ದೆಲ್ಲ ತನಗಿಂತ ದೊಡ್ಡವರಿಗೆ. ಸಣ್ಣವರಿಗೆ ಒಂದು ಸಲವೂ ಸೋತಿರಲಿಲ್ಲ.

ಇಸಿದೋರ್ ಮೊದಲ ಸಲ ಅಲುಗಾಡದೆ ನಿಂತ.

“ಅಣ್ಣ ನನ್ನನ್ನು ಇಷ್ಟೇ ಅಂತ ತಿಳಿದಿದ್ದನಾ?”

“ನನಗೆ ಗೊತ್ತಿಲ್ಲ.”

“ಹಾಗಾದರೆ ಇವನನ್ನೇ ಕರೆಸಿ. ಸೋತರೆ ಸೋತೆ. ನಾನು ಎಷ್ಟು ಎಂದು ನನಗೆ ಗೊತ್ತಾಗಬೇಕು ವೊನಿ. ಇಲ್ಲದಿದ್ದರೆ ಆ ಬೆಲ್ಟು ಕತ್ತೆಯ ಕೊರಳಿಗೂ ಆಗುತ್ತದೆ.”

ಆ ಮಧ್ಯಾಹ್ನವೇ ಬರೆದೆ. ಒಂದು ವರ್ಷದಲ್ಲಿ ನಾನು ಬರೆದ ಮೊದಲ ಪತ್ರ. ಹತ್ತು ದಿನದಲ್ಲಿ ಮಾಯಿಲಪ್ಪನ ಮ್ಯಾನೇಜರ್ ಒಪ್ಪಿ ಉತ್ತರ ಬರೆದ. ಇಷ್ಟು ಬೇಗ ಒಪ್ಪಿದ್ದು ಯಾಕೆ ಎಂದು ನನಗೆ ಅನ್ನಿಸಲಿಲ್ಲ.

ಜನವರಿ ಕೊನೆಯ ವಾರ ಮಾಯಿಲಪ್ಪ ಸ್ಟೀಮರಿನಲ್ಲಿ ಬಂದ. ಪಂದ್ಯದ ಹಿಂದಿನ ದಿನ ಇಬ್ಬರನ್ನೂ ಕಾರ್ಖಾನೆಯ ದೊಡ್ಡ ತಕ್ಕಡಿಯಲ್ಲಿ ತೂಗಿದರು. ಬರೆದುಕೊಳ್ಳಲು ನನ್ನನ್ನು ಕರೆದಿದ್ದರು. ಮಾಯಿಲಪ್ಪ ಎತ್ತರದ ಆಳು, ಅಗಲವಾದ ಹೆಗಲು. ಆ ಸೆಕೆಯಲ್ಲೂ ಉಣ್ಣೆಯ ಕೋಟು ಹಾಕಿದ್ದ. ಪುಸ್ತಕದಲ್ಲಿದ್ದ ತೂಕಕ್ಕಿಂತ ಹನ್ನೊಂದು ಪೌಂಡು ಕಡಿಮೆ.

“ಸ್ಟೀಮರಿನಲ್ಲಿ ಹೊಟ್ಟೆಯನ್ನು ಸಮುದ್ರಕ್ಕೆ ಕೊಟ್ಟು ಬಂದಿರಾ?” ಎಂದರು ಅಬೂಬಕ್ಕರ್.

“ಹೌದು ಸಾಹೇಬರೆ,” ಎಂದು ಮಾಯಿಲಪ್ಪ ನಕ್ಕ. ನಾನು ಹನ್ನೊಂದು ಎಂದು ಬರೆದುಕೊಂಡೆ.

ಭಾನುವಾರ ಮೂರು ಗಂಟೆಗೆ ಪಂದ್ಯ. ಅಂಗಳದ ನಡುವೆ ಹಂಚಿನ ಮಣ್ಣನ್ನೇ ಬಡಿದು ಗಟ್ಟಿ ಮಾಡಿ, ಮೇಲೆ ಹಾಯಿಬಟ್ಟೆ ಹಾಸಿದ್ದರು. ಸುತ್ತ ಅಬೂಬಕ್ಕರರ ಅಂಗಡಿಯ ಹಗ್ಗ, ಅದಕ್ಕೆ ಹಳೆಯ ಬಟ್ಟೆ ಸುತ್ತಿದ್ದು. ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ನಾನು ಆಫೀಸಿನ ಮಾಳಿಗೆಯಲ್ಲಿ, ಒಸ್ವಾಲ್ಡರ ಮೇಜಿನ ಹತ್ತಿರದ ಕಿಟಕಿಯಲ್ಲಿ ನಿಂತೆ. ಅವರ ಕುರ್ಚಿಯಲ್ಲಿ ಬೇರೆ ಯಾರದೋ ಕೊಡೆ ಇತ್ತು.

ಮೊದಲ ರೌಂಡಿನಲ್ಲಿ ಇಸಿದೋರನ ಎಡಗೈ ಮೂರು ಸಲ ಬರೀ ಗಾಳಿಗೆ ಹೋಯಿತು. ಮಾಯಿಲಪ್ಪ ತಲೆಯನ್ನು ಒಂದು ಗೇಣು ಸರಿಸುತ್ತಿದ್ದ, ಅಷ್ಟೆ. ಅವನ ಕಾಲುಗಳಿಗೆ ಎಲ್ಲ ಗೊತ್ತಿತ್ತು. ಗಲಾಟೆ ಮಾಡುತ್ತಿದ್ದ ಅಂಗಳ ಸುಮ್ಮನಾಯಿತು. ನಾನು ಕಿಟಕಿಯ ಸರಳು ಹಿಡಿದಿದ್ದೆ. ಅಂಗೈ ನೋಯುತ್ತಿದೆ ಎಂದು ತಿಳಿಯಿತು. ಬಹಳ ದಿನದಿಂದ ನನಗೆ ಏನೂ ನೋಯುತ್ತಿರಲಿಲ್ಲ.

ಎರಡನೆಯ ರೌಂಡಿನಲ್ಲಿ ಇಸಿದೋರನ ಬಲಗೈ ಪಕ್ಕೆಗೆ ತಾಗಿತು. ದೊಡ್ಡ ಏಟಲ್ಲ. ಮಾಯಿಲಪ್ಪನ ಬಾಯಿ ತೆರೆಯಿತು. ಆಮೇಲೆ ಮುಚ್ಚಲಿಲ್ಲ. ಅವನು ಇಸಿದೋರನನ್ನು ತಬ್ಬಿ ಹಿಡಿದ, ಬಿಡಿಸಿದ ಕೂಡಲೇ ಮತ್ತೆ ಹಿಡಿದ. ಮೂರನೆಯದರಲ್ಲಿ ಅವನ ಕಾಲು ಹಾಯಿಬಟ್ಟೆಯ ಮೇಲೆ ಎಳೆಯುತ್ತಿತ್ತು. ಇಸಿದೋರ್ ಎರಡು ಹೆಜ್ಜೆ ಹಿಂದೆ ಸರಿದು, ಕೈ ಇಳಿಸಿ, ಕಾದ. ಅವನು ಸುಧಾರಿಸಿಕೊಳ್ಳಲಿ ಎಂದು ಕಾದ.

“ಹೊಡಿ ಪೊರ್ಬು! ಎಂತ, ಕುಡಿಯಲು ಬೆಲ್ಲ ನೀರು ಕೊಡ್ತೀಯಾ?” ಎಂದು ಯಾರೋ ಕೂಗಿದರು. ಚನಿಯನ ಧ್ವನಿ ಇರಬೇಕು.

ಮಾಯಿಲಪ್ಪನೇ ಮುಂದೆ ಬಂದು ಇಸಿದೋರನ ಕೊರಳಿಗೆ ಜೋತುಬಿದ್ದು ಕಿವಿಯಲ್ಲಿ ಏನೋ ಹೇಳಿದ. ಇಸಿದೋರ್ ಅವನನ್ನು ಮೆಲ್ಲಗೆ ತಳ್ಳಿದ. ಅವನು ಒಂದು ಮೊಣಕಾಲೂರಿ ಕುಳಿತ. ರೆಫರಿಯಾಗಿದ್ದ ಡ್ರಿಲ್ ಮಾಸ್ಟರ್ ಚಿತ್ತರಂಜನ ಹತ್ತರವರೆಗೆ ಎಣಿಸಿದರು.

ಪಟ್ಟ ಉಳಿಯಿತು. ಜನ ಇಸಿದೋರನನ್ನು ಎತ್ತಲು ಬಂದರು. ಅವನು ಅವರನ್ನು ನೂಕಿಕೊಂಡು, ಗ್ಲೌಸು ಕೂಡ ಬಿಚ್ಚದೆ ಮಾಳಿಗೆಯ ಮೆಟ್ಟಿಲು ಹತ್ತಿ ಬಂದ.

“ಆರು ತಿಂಗಳಿಂದ ಎದೆಯ ಕಾಯಿಲೆಯಂತೆ. ‘ಬೇಗ ಮುಗಿಸು ತಮ್ಮ’ ಎಂದ. ಉಳಿದದ್ದನ್ನು ಎಣಿಕೆ ಮುಗಿದ ಮೇಲೆ ನಾನು ಎಬ್ಬಿಸುವಾಗ ಹೇಳಿದ. ಆಸ್ಪತ್ರೆಗೆ ಸೇರಿದ್ದು, ಆಮೇಲೆ ಆಡಿ ಸೋತದ್ದು, ಎಲ್ಲ ನಿಮ್ಮ ಪೇಪರಿನಲ್ಲೇ ಬಂದಿತ್ತಂತೆ.”

ನಾನು ಕಿಟಕಿಯ ಸರಳು ಬಿಟ್ಟೆ.

“ಅಣ್ಣನೇ ವಾಸಿ. ಅವನು ನನಗೆ ತಿಳಿಯದ ಹಾಗೆ ಮಾಡಿದ. ನೀವು ಎಲ್ಲ ಗೊತ್ತಿದ್ದೂ ಎದುರು ಕೂರಿಸಿ ಪಾಠ ಹೇಳಿಕೊಟ್ಟಿರಿ. ಯಾರಿಗೆ ಸೋತ ಎಂದು ಕೇಳು, ಯಾರ ಮೇಲೆ ಗೆದ್ದ ಎಂದು ಕೇಳು!”

ಮನೆಗೆ ಬರುವಾಗ ಬಿಸಿಲು ಇನ್ನೂ ಇತ್ತು. ಅತ್ತೆ ಹಬ್ಬಕ್ಕೆ ಮಾಡುವ ಅಕ್ಕಿಯ ಸಾನ್ನ ಬೇಯಿಸಿದ್ದರು. ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು, ಒಂದು ಗಾಯವೂ ಇರಲಿಲ್ಲ. ಆಮೇಲೆ ನನ್ನ ಕೆನ್ನೆ ಮುಟ್ಟಿದರು. ಒಸ್ವಾಲ್ಡ್ ತೀರಿಹೋದ ಮೇಲೆ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

“ನನ್ನ ಮಾತು ನಡೆಸಿಕೊಟ್ಟೆ ಬಾಯ್. ದೇವರು ನಿನ್ನನ್ನು ನೋಡಿಕೊಳ್ಳಲಿ.”

ಇಸಿದೋರ್ ಅದನ್ನು ಕೇಳಿದ. ತಟ್ಟೆಯನ್ನು ಸರಿಸಿ ಎದ್ದು, ಮೊಳೆಯಿಂದ ಬೆಲ್ಟು ತೆಗೆದ.

“ಇದನ್ನು ನಾಳೆ ಅಬೂಬಕ್ಕರ್ ಸಾಹೇಬರಿಗೆ ಕೊಟ್ಟು ಬರುತ್ತೇನೆ. ನೀವಿಬ್ಬರೂ ಸೇರಿ ಗೆದ್ದದ್ದು, ಬೇಕಾದರೆ ನೀವು ಕಟ್ಟಿಕೊಳ್ಳಿ.”

ಹೌದು, ಬೇಕೆಂದೇ ಕಾಯಿಲೆಯವನನ್ನು ಆರಿಸಿದೆ ಎಂದರೆ ಅತ್ತೆಗೆ ಸಮಾಧಾನ. ಸುಮ್ಮನಿದ್ದರೂ ಆಗುತ್ತಿತ್ತು; ಒಂದು ವರ್ಷದಿಂದ ಸುಮ್ಮನಿದ್ದೇ ಅಭ್ಯಾಸ. ಆದರೆ ಅವನು ನಿಜವಾಗಿ ಕೇಳಿದ್ದ, ನಾನೂ ನಿಜವಾಗಿ ಆರಿಸಿದ್ದೆ.

“ಇಸಿದೋರ್, ಬಾ,” ಎಂದೆ.

ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ನನ್ನ ಮದುವೆಯ ಪೆಟ್ಟಿಗೆ ಎಳೆದೆ. ಭಾರವಾಗಿತ್ತು. ಅವನು ಬಾಗಿಲಲ್ಲೇ ನಿಂತಿದ್ದ. ಮುಚ್ಚಳ ತೆಗೆದೆ.

ಪತ್ರಿಕೆಯ ಸುರುಳಿಗಳು. ಪ್ರತಿಯೊಂದಕ್ಕೂ ಕಂದು ಕಾಗದದ ಪಟ್ಟಿ, ಪಟ್ಟಿಯ ಮೇಲೆ ಅಂಚೆಯ ಮುದ್ರೆ. ಅರವತ್ತಕ್ಕಿಂತ ಹೆಚ್ಚಿದ್ದವು. ಒಂದರ ಪಟ್ಟಿಯೂ ಹರಿದಿರಲಿಲ್ಲ.

ಅವನು ಬಗ್ಗಿ ಒಂದನ್ನು ತೆಗೆದ. ಇಂಗ್ಲಿಷ್ ಓದಲು ಬಾರದಿದ್ದರೂ ಅಣ್ಣನ ಹೆಸರಿನ ಆಕಾರ ಅವನಿಗೆ ಗೊತ್ತಿತ್ತು. ಇನ್ನೊಂದನ್ನು ತೆಗೆದ. ಮತ್ತೊಂದು.

“ಎಲ್ಲದರಲ್ಲೂ ಅವನ ಹೆಸರು.”

“ಅವರ ಹೆಸರಿಗೆ ಬಂದದ್ದು. ನಾನು ಹೇಗೆ ಒಡೆಯಲಿ?”

“ಹಾಗಾದರೆ ಮಾಯಿಲಪ್ಪನ ವಿಷಯ...”

“ಪುಸ್ತಕದಲ್ಲಿ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಓದಿದೆ. ಅಂಟಿಸಿದ್ದು ನವೆಂಬರಿಗೆ ನಿಂತಿತ್ತು. ಆಮೇಲೆಯೂ ಅವನು ಆಡಿರಬಹುದು, ಅವನಿಗೂ ಕಾಯಿಲೆ ಬಂದಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ.”

ಇಸಿದೋರ್ ನೆಲದ ಮೇಲೆ ಕುಳಿತ. ಸ್ವಲ್ಪ ಹೊತ್ತು ಬೆಲ್ಟಿನ ಕೊಕ್ಕೆಯನ್ನು ಹಾಕುವುದು, ಬಿಚ್ಚುವುದು ಮಾಡುತ್ತಿದ್ದ. ಆಮೇಲೆ ಅದನ್ನು ಬದಿಗಿಟ್ಟ.

“ಈಗ ಒಡೆಯಬಹುದಾ ವೊನಿ?”

ಅತ್ತೆ ಬಾಗಿಲಿಗೆ ಬಂದಿದ್ದರು. ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. ಎಲ್ಲ ಅರ್ಥವಾಗಿತ್ತು ಅವರಿಗೆ.

“ಬೇಡ, ಹೆಲನ್,” ಎಂದರು.

ನಾನು ಎದ್ದು ಅವರ ಪಕ್ಕದಿಂದಲೇ ಅಡಿಗೆಮನೆಗೆ ಹೋಗಿ ಸಣ್ಣ ಚೂರಿ ತಂದೆ. ಮುದ್ರೆ ನೋಡಿ ತಾರೀಕಿನ ಪ್ರಕಾರ ಸುರುಳಿಗಳನ್ನು ಜೋಡಿಸಿದೆ. ಮೊದಲನೆಯದು ಒಸ್ವಾಲ್ಡರನ್ನು ಮಣ್ಣು ಮಾಡಿದ ವಾರದ್ದು. ಚೂರಿಯನ್ನು ಪಟ್ಟಿಯ ಕೆಳಗೆ, ಅಕ್ಷರಗಳಿಗೆ ತಾಗದ ಹಾಗೆ, ತೂರಿಸಿದೆ. ಕಾಗದ ಸುರುಳಿಯಾಗಿಯೇ ಒಗ್ಗಿಹೋಗಿತ್ತು. ಬಿಡಿಸಿದರೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಇಸಿದೋರ್ ಎರಡು ತುದಿಗಳನ್ನೂ ಒತ್ತಿ ಹಿಡಿದ.

ಡಿಸೆಂಬರಿನ ಸುರುಳಿಗಳು ಮುಗಿದವು. ಜನವರಿ. ಮಾಯಿಲಪ್ಪ ಒಂದು ಪಂದ್ಯ ಗೆದ್ದಿದ್ದ. ಮದರಾಸಿನಲ್ಲಿ ಹೊಸಬನೊಬ್ಬ ಇಬ್ಬರು ಒಳ್ಳೆಯವರನ್ನು ಸೋಲಿಸಿದ್ದ. ಅವನ ಹೆಸರಿನ ಪಕ್ಕ ಗುರುತು ಹಾಕಿದೆ. ಹಿತ್ತಲಿನ ಕಡೆ ಅತ್ತೆ ಪಾತ್ರೆ ತೊಳೆಯುವ ಸದ್ದು ಅಗತ್ಯಕ್ಕಿಂತ ಜೋರಾಗಿತ್ತು.

“ಸಿಕ್ಕಿದನಾ?” ಎಂದ ಇಸಿದೋರ್. ಅವನ ಹಿಮ್ಮಡಿ ಮತ್ತೆ ಕುಣಿಯತೊಡಗಿತ್ತು. “ಯಾರಿದ್ದಾರೆ ಹೇಳಿ. ನಿಜವಾದವನು ಯಾರು?”

“ಸ್ವಲ್ಪ ತಡೆ,” ಎಂದೆ. “ನಾನು ಇನ್ನೂ ಹೋದ ವರ್ಷದ ಮಾರ್ಚಿನಲ್ಲಿದ್ದೇನೆ.”